ಮರಲ್ ಮೀನು, ಮರಳಿ ಮೀನು

ತಾಳ್ಮೆ ಎಂಬುದು ತಪಸ್ಸಿಗೆ ಸಮ ಎಂದು ಹಿರಿಯರು ಹೇಳಿಟ್ಟಿದ್ದಾರೆ. ಹಾಗೆ ಹೇಳಿದ ಹಿರಿಯರಲ್ಲಿ ಒಬ್ಬರೂ ನನ್ನ ಸಡ್ಡಕನ ಪಕ್ಕದಲ್ಲಿ ಗಾಳ ಹಾಕಿಕೊಂಡು ಕೂತವರಲ್ಲ.

ಸಡ್ಡಕ ಎಂದರೆ ನನ್ನ ಹೆಂಡತಿಯ ತಂಗಿಯ ಗಂಡ. ಈ ಸಂಬಂಧವನ್ನು ಯಾರೂ ಆರಿಸಿಕೊಳ್ಳುವುದಿಲ್ಲ; ಒಂದೇ ಮನೆಯ ಬಾಗಿಲಲ್ಲಿ ಬೇರೆ ಬೇರೆ ವರ್ಷ ಬಾಸಿಂಗ ಕಟ್ಟಿಕೊಂಡು ನಿಂತ ತಪ್ಪಿಗೆ ಅದು ತಾನಾಗಿ ಬಂದು ಅಂಟಿಕೊಳ್ಳುತ್ತದೆ. ಅವನು ಗಿಣಿಗೇರಾದ ಒಂದು ಕಾರ್ಖಾನೆಯ ಸ್ಟೋರಿನಲ್ಲಿ ನಟ್ಟು ಬೋಲ್ಟು ಎಣಿಸಿ ನಿವೃತ್ತನಾದ. ನಾನು ಕುಷ್ಟಗಿ, ಯಲಬುರ್ಗಾದ ಒಣ ಹೊಲಗಳಲ್ಲಿ ಭೂಮಾಪನದ ಸರಪಳಿ ಎಳೆದು ಎಳೆದು ಕೊಪ್ಪಳದಲ್ಲಿ ನಿವೃತ್ತನಾದೆ. ಯಲಬುರ್ಗಾದ ಕಡೆ ಮೀನು ಎಂಬುದು ಸಂತೆಗೆ ಒಣಗಿಕೊಂಡು ಬರುವ ಪದಾರ್ಥ. ಅದಕ್ಕೊಂದು ತಲೆ, ಒಂದು ಬಾಲ ಇದ್ದರೆ ಸಾಕು, ಕುಲಗೋತ್ರ ಯಾರೂ ಕೇಳುವುದಿಲ್ಲ. ಹೀಗಾಗಿ ಮೀನಿನ ವಿಷಯದಲ್ಲಿ ನಾನು ಅಜ್ಞಾನಿ ಎಂದು ಸಡ್ಡಕ ತೀರ್ಮಾನಿಸಿದ್ದ. ಅದು ನಿಜವೂ ಹೌದು. ತಾನು ಜ್ಞಾನಿ ಎಂದೂ ತೀರ್ಮಾನಿಸಿದ್ದ. ತೊಂದರೆ ಶುರುವಾದದ್ದು ಅಲ್ಲಿ.

ನಿವೃತ್ತಿಯಾದ ಮೇಲೆ ಮನುಷ್ಯ ಭಜನೆಗೆ ಸೇರುತ್ತಾನೆ, ಇಲ್ಲವೇ ಸಕ್ಕರೆ ಕಾಯಿಲೆ ತಂದುಕೊಂಡು ಬೆಳಿಗ್ಗೆ ಬೆಳಿಗ್ಗೆ ರಸ್ತೆ ಅಳೆಯುತ್ತಾನೆ. ಇವನು ಮೊಬೈಲಿನಲ್ಲಿ ಯಾವುದೋ ದೇಶದವರು ಮೀನು ಹಿಡಿಯುವುದನ್ನು ನೋಡಿದ. ಅವರು ಹಿಡಿದ ಮೀನಿಗೆ ಮುತ್ತು ಕೊಟ್ಟು ನೀರಿಗೇ ಬಿಡುತ್ತಿದ್ದರಂತೆ. ಇದನ್ನು ನೋಡಿ ಪ್ರಭಾವಿತನಾಗಿ ಮಡಚುವ ಗಾಳದ ಕೋಲು, ತಿರುಗಿಸುವ ಗಾಲಿ, ಮೈತುಂಬ ಜೇಬುಗಳಿರುವ ಒಂದು ಅಂಗಿ, ಹಸಿರು ಬಣ್ಣದ ಪ್ಲಾಸ್ಟಿಕ್ ಕಪ್ಪೆ ತರಿಸಿಕೊಂಡ. ಅಷ್ಟೂ ಜೇಬುಗಳಲ್ಲಿ ಒಂದರಲ್ಲಿ ಎಲೆ ಅಡಿಕೆ ಇರುತ್ತಿತ್ತು. ಉಳಿದವು ಗಾಂಭೀರ್ಯಕ್ಕೆ.

ಪ್ರತಿ ರವಿವಾರ ಬೆಳಿಗ್ಗೆ ಡ್ಯಾಮಿನ ಹಿನ್ನೀರಿಗೆ ಸವಾರಿ. ಅವನ ಮೋಟಾರ್ ಸೈಕಲ್, ಹಿಂದೆ ನಾನು, ನನ್ನ ತೊಡೆಯ ಮೇಲೆ ಬಕೆಟ್ಟು. ನಾನು ಯಾಕೆ ಹೋಗುತ್ತಿದ್ದೆ ಎಂದರೆ ರವಿವಾರ ನಮ್ಮ ಮನೆಯಲ್ಲಿ ಜೇಡರ ಬಲೆ ತೆಗೆಯುವ ಕಾರ್ಯಕ್ರಮವಿರುತ್ತಿತ್ತು. ಹಿನ್ನೀರಿನ ದಂಡೆಯ ಒಂದು ಜಾಲಿಯ ಕೆಳಗೆ ನಮ್ಮ ಪೀಠ. ಮಳೆಗಾಲ ಮುಗಿದು ನೀರು ತುಂಬಿ, ಮುಳುಗಿದ ಜಾಲಿಗಳ ತುದಿಗಳು ಮಾತ್ರ ಕಾಣುತ್ತಿದ್ದವು. ಪ್ರತಿ ತುದಿಯ ಮೇಲೂ ಒಂದೊಂದು ನೀರುಕಾಗೆ ರೆಕ್ಕೆ ಒಣಗಿಸುತ್ತ ನಮ್ಮನ್ನು ನೋಡುತ್ತಿತ್ತು. ಮೀನು ಹಿಡಿಯುವುದು ಹೇಗೆಂದು ಅವುಗಳಿಗೆ ಗೊತ್ತಿತ್ತು. ಆದ್ದರಿಂದ ಅವು ಆ ವಿಷಯ ಮಾತಾಡುತ್ತಿರಲಿಲ್ಲ.

ಇದು ಬರೀ ಹವ್ಯಾಸವಾಗಿ ಉಳಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಅಷ್ಟರಲ್ಲಿ ಅವನ ಮಗಳ ಬಯಕೆ ಬಂತು.

ಹುಡುಗಿಯನ್ನು ಕೊಟ್ಟದ್ದು ಗಂಗಾವತಿ ಹತ್ತಿರದ ಮರಳಿಗೆ. ಕಾಲುವೆ ನೀರಿನ ಊರು, ಭತ್ತದ ಮನೆತನ. ಸೀಮಂತದ ಕುಬುಸ ಮಾಡಿ, ಚೊಚ್ಚಲ ಬಾಣಂತನಕ್ಕೆಂದು ಅವಳನ್ನು ಗಿಣಿಗೇರಾಕ್ಕೆ ಕರೆತಂದಿದ್ದರು. ಬಸುರಿಯ ಬಯಕೆ ನಮ್ಮಲ್ಲಿ ನೇರವಾಗಿ ಅಪ್ಪನ ಕಿವಿಗೆ ಹೋಗುವುದಿಲ್ಲ. ಮಗಳು ತಾಯಿಗೆ ಹೇಳಬೇಕು, ತಾಯಿ ಸಮಯ ನೋಡಿ ಗಂಡನಿಗೆ ಹೇಳಬೇಕು. ತಾಯಿ, ಅಂದರೆ ನನ್ನ ನಾದಿನಿ, ಒಂದು ಸಂಜೆ ಚಹಾ ಕೊಡುತ್ತ ಹೇಳಿದಳು:

“ಹುಡುಗಿಗೆ ಮರಳಿ ಮೀನ ತಿನಬೇಕನಸೇತಂತ್ರಿ.”

ಮರಳಿಯ ಮೀನು ಎಂದರೆ ಅವಳ ಗಂಡನ ಊರಿನ ಕಾಲುವೆಯಲ್ಲಿ ಸಿಗುವ ಬೆರಳುದ್ದದ ಮೀನು. ಅತ್ತೆ ಅಕ್ಕಿ ಹಿಟ್ಟು, ಖಾರ ಹಚ್ಚಿ ಕುರುಕುರು ಹುರಿದುಕೊಡುತ್ತಿದ್ದದ್ದು. ಆದರೆ ಸಡ್ಡಕ ಸ್ಟೋರಿನ ಗದ್ದಲದಲ್ಲಿ ಕಿವಿಯನ್ನು ಅರ್ಧ ಬಿಟ್ಟುಬಂದವನು. ಕಾರ್ಖಾನೆಯ ಕ್ಯಾಂಟೀನಿನಲ್ಲಿ ಹೈದರಾಬಾದ್ ಕಡೆಯ ಮಂದಿ ದಿನವೂ ಹೊಗಳುತ್ತಿದ್ದ ಮೀನಿನ ಹೆಸರು ಅವನ ತಲೆಯಲ್ಲಿ ಕೂತಿತ್ತು. ಅದು ಮರಲ್. ಗಂಗಾವತಿ ಕಡೆಯ ಕ್ಯಾಂಪುಗಳಲ್ಲಿ ನೆಲೆಸಿದ ತೆಲುಗು ಮಂದಿ ಕೊರಮೀನು ಎನ್ನುತ್ತಾರಲ್ಲ, ಹಾವಿನಂಥ ತಲೆ, ತೋಳಿನಂಥ ಮೈ, ಅದೇ.

“ಮರಲ್ ಮೀನಾ? ಅದೇನ ದೊಡ್ಡ ಮಾತ! ತರೂಣಂತ ಹೇಳು,” ಎಂದ ಇವನು.

‘ಮರಳಿ ಮೀನಾ’ ಎಂದ ಎಂದು ಅವಳು ತಿಳಿದಳು. ಇಬ್ಬರೂ ಚಹಾ ಕುಡಿದರು. ಈ ಸಂಗತಿ ನಮಗೆಲ್ಲ ತಿಳಿದದ್ದು ಎಷ್ಟೋ ವಾರಗಳ ಮೇಲೆ. ಓದುವವರಿಗೆ ಈಗಲೇ ಹೇಳಿಬಿಡುತ್ತೇನೆ. ಬಚ್ಚಿಟ್ಟು ಕಾಪಾಡುವಷ್ಟು ಬೆಲೆ ಈ ಗುಟ್ಟಿಗಿಲ್ಲ.

ಮಾರನೆಯ ರವಿವಾರ ಜಾಲಿಯ ಕೆಳಗೆ ಸಡ್ಡಕ ನನಗೆ ವಿಷಯವನ್ನು ಮಠದ ಅಪ್ಪಣೆ ಓದುವವನಂತೆ ತಿಳಿಸಿದ.

“ಕೊಪ್ಪಳ ಮಾರ್ಕೆಟಿನಾಗ ಮರಲ್ ಸಿಗತಾವಲ್ಲೋ. ತಂದು ಕೊಟ್ಟು ಕೈ ತೊಳಕೋ,” ಎಂದೆ.

“ಅಣ್ಣಾರ, ಕೊಂಡ ಮೀನದಿಂದ ಬಯಕಿ ತೀರೂದಿಲ್ರಿ. ಹಡದಪ್ಪನ ಕೈಯಾಗ ಸಿಕ್ಕ ಮೀನ ಆಗಬೇಕು. ಪದ್ಧತಿ ಐತಿ.”

“ಯಾರ ಪದ್ಧತಿ?”

“ಹಿಂದಿಂದ ಬಂದದ್ದರಿ.”

ಆ ಪದ್ಧತಿ ಬಂದದ್ದು ಎಷ್ಟು ಹಿಂದಿನಿಂದ ಎಂದರೆ ಗಿಣಿಗೇರಾದ ಆಚೆಯ ಚಹಾದಂಗಡಿಯಿಂದ. ಅಲ್ಲಿ ಗಾಡಿ ನಿಲ್ಲಿಸಿದಾಗ ಅದು ಇನ್ನೂ ಹುಟ್ಟಿರಲಿಲ್ಲ. ಆದರೆ ಒಮ್ಮೆ ಬಾಯಿಂದ ಬಂದ ಮೇಲೆ ಅದು ಸನಾತನವಾಯಿತು. ಬೀಗರಿಗೂ ಫೋನು ಮಾಡಿ, “ನಿಮ್ಮ ಸೊಸಿಗೆ ನಾನೇ ಕೈಯಾರೆ ಹಿಡದು ತಿನಸಾಂವ ಅದೀನ್ರಿ,” ಎಂದು ಹೇಳಿಬಿಟ್ಟ. ಏನನ್ನು ಹಿಡಿಯುವುದು ಎಂದು ಹೇಳಲಿಲ್ಲ, ಅವರೂ ಕೇಳಲಿಲ್ಲ. ಬೀಗತನದಲ್ಲಿ ಬಡಾಯಿಯನ್ನು ಬಿಡಿಸಿ ಕೇಳುವುದು ಮರ್ಯಾದೆಯಲ್ಲ.

ನನ್ನ ಹೆಂಡತಿ ಮಾತ್ರ ಎಚ್ಚರಿಸಿದಳು. “ಬಸುರಿ ಬಯಕಿ ತೀರಿಸಲಿಲ್ಲಂದ್ರ ಕೂಸಿನ ಕಿವಿ ಸೋರತೈತಿ. ಲಗೂನ ಹಿಡೀರಿ ಅಂತ ಹೇಳ್ರಿ ನಿಮ್ಮ ಸಡ್ಡಕಗ.” ಹೀಗಾಗಿ ಆ ಹಿನ್ನೀರಿನ ದಂಡೆಯ ಮೇಲೆ ಇನ್ನೂ ಹುಟ್ಟದ ಕೂಸಿನ ಕಿವಿಯೂ, ಒಬ್ಬ ನಿವೃತ್ತ ಸ್ಟೋರ್ ಕೀಪರನ ಮಾತೂ ಒಂದೇ ದಾರಕ್ಕೆ ನೇತುಬಿದ್ದವು.

ಇನ್ನು ಮೀನುಗಳ ವಿಷಯ. ಸಡ್ಡಕನ ಶಾಸ್ತ್ರದಲ್ಲಿ ಮೀನು ಮೂರು ಜಾತಿ: ಸಿಕ್ಕಿದ್ದು, ಬಿಟ್ಟದ್ದು, ತಪ್ಪಿಸಿಕೊಂಡದ್ದು. ತಪ್ಪಿಸಿಕೊಂಡದ್ದೆಲ್ಲ ಮರಲ್. ಸಿಕ್ಕಿದ್ದು ಏನೇ ಆಗಿರಲಿ, ಮರಲ್ ಅಲ್ಲವಾದ್ದರಿಂದ ಅವನು ಅದನ್ನು ಮುಖ ಸಿಂಡರಿಸಿ ನೀರಿಗೆ ಎಸೆಯುತ್ತಿದ್ದ. ಮುತ್ತು ಕೊಡುವುದನ್ನು ಮೊದಲ ವಾರವೇ ಕೈಬಿಟ್ಟಿದ್ದ. ಒಂದು ಮೀನು ತುಟಿಗೆ ಮುಳ್ಳು ಚುಚ್ಚಿತ್ತು.

ಆ ಮುಳ್ಳು ಜಿಲೇಬಿ ಎಂಬ ಮೀನಿನದು. ಈ ಹೆಸರಿನ ಮೇಲೆ ಮಿಠಾಯಿ ಅಂಗಡಿಯ ಹಾಸ್ಯವೊಂದನ್ನು ನಮ್ಮ ಜಿಲ್ಲೆಯ ಪ್ರತಿಯೊಬ್ಬನೂ ಒಮ್ಮೆ ಮಾಡಿಯೇ ಸಾಯುತ್ತಾನೆ, ನಾನು ಬಿಟ್ಟಿದ್ದೇನೆ. ಜಿಲೇಬಿಯನ್ನು ಗುರುತಿಸುವುದಕ್ಕೆ ವಿದ್ಯೆ ಬೇಡ. ಬೂದುಬಣ್ಣದ ಅಗಲ ಮೈ, ಮೈಮೇಲೆ ಮಾಸಿದ ಅಡ್ಡ ಪಟ್ಟೆ, ಬೆನ್ನಿನುದ್ದಕ್ಕೂ ಬಾಚಣಿಕೆಯಂತೆ ನಿಲ್ಲುವ ಮುಳ್ಳಿನ ಸಾಲು. ಹಿನ್ನೀರಿನಲ್ಲಿ ಏನೂ ಸಿಗದಿದ್ದರೆ ಅದು ಸಿಗುತ್ತದೆ. ಒಮ್ಮೆ ಒಂದು ಜಿಲೇಬಿಯ ಬಾಯಿಂದ ಗಾಳ ಬಿಡಿಸುವಾಗ ಒಳಗಿನಿಂದ ಸಾಸಿವೆಗಿಂತ ತುಸು ದೊಡ್ಡ ಮರಿಗಳು ಬುಳುಬುಳು ಬಿದ್ದವು.

“ನೋಡ್ರಿ ಅಣ್ಣಾರ, ಎಂಥಾ ಹೊಟ್ಟಿಬಾಕ ಐತಿ. ಮಂದಿ ಮಕ್ಕಳನ್ನ ತಿಂದೈತಿ.”

“ತಿಂದಿಲ್ಲೋ ಮಾರಾಯಾ. ಅದರವೇ ಮರಿ. ತಾಯಿ ಬಾಯಾಗ ಇಟಗೊಂಡು ಸಾಕತೈತಿ.”

“ಯಾರ ಹೇಳಿದರಿ ನಿಮಗ?”

“ನಿನ್ನ ಮೊಬೈಲನ್ಯಾಗ ಐತಿ. ನೀ ಮುತ್ತು ಕೊಡೂದಷ್ಟ ನೋಡೀದಿ.”

ಅವನು ಆ ತಾಯಿಯನ್ನು ಮಾತ್ರ ಎಸೆಯದೆ, ದಂಡೆಯಲ್ಲಿ ಬಗ್ಗಿ ಮೆಲ್ಲಗೆ ನೀರಿಗೆ ಬಿಟ್ಟ. ಬಿದ್ದ ಮರಿಗಳನ್ನೂ ಅಂಗೈಯಲ್ಲಿ ಬಳಿದು ಬಿಟ್ಟ. ಇದನ್ನು ನ್ಯಾಯಕ್ಕಾಗಿ ಬರೆಯುತ್ತಿದ್ದೇನೆ. ಮುಂದೆ ಅವನ ಪರವಾಗಿ ಬರೆಯುವಂಥದ್ದು ಹೆಚ್ಚೇನೂ ಇಲ್ಲ.

ಗಿರ್ಲು ಎಂಬ ಮೀನು ಬಂದಾಗ ಅದನ್ನು ಮರಲ್ ಮರಿ ಎಂದ. ಗಿರ್ಲಿಗೆ ಹುರುಪೆ ಇಲ್ಲ, ಮೂತಿಗೆ ಬೆಕ್ಕಿನಂತೆ ಮೀಸೆ; ಹಿಡಿದರೆ ಗಿರ್ ಗಿರ್ ಎಂದು ಬೈಯುತ್ತದೆ. ಮರಲ್‌ಗೆ ಮೈತುಂಬ ಹುರುಪೆ, ಮೀಸೆ ಇಲ್ಲ, ಬಾಯಿ ಬಡುಕುತನವೂ ಇಲ್ಲ. “ದೊಡ್ಡದಾದ ಮ್ಯಾಲೆ ಮೀಸಿ ಉದರತಾವ್ರಿ,” ಎಂದ. ಮನುಷ್ಯರಿಗೆ ದೊಡ್ಡವರಾದ ಮೇಲೆ ಮೀಸೆ ಬರುತ್ತದೆ, ಮೀನಿಗೆ ಉದುರುತ್ತದೆ ಎಂಬ ಈ ಸಿದ್ಧಾಂತವನ್ನು ನಾನು ಖಂಡಿಸುವ ಮೊದಲೇ ಗಿರ್ಲು ಖಂಡಿಸಿತು. ಪಕ್ಕದ ಮುಳ್ಳನ್ನು ಅವನ ಹೆಬ್ಬೆರಳಿಗೆ ಇಳಿಸಿತು. ಆ ದಿನ ಉಳಿದ ಹೊತ್ತೆಲ್ಲ ಗಾಳ ನನ್ನ ಕೈಯಲ್ಲಿ, ಉಪನ್ಯಾಸ ಅವನ ಬಾಯಲ್ಲಿ.

ಇವೆಲ್ಲಕ್ಕಿಂತ ಹೆಚ್ಚಾಗಿ ಬರುತ್ತಿದ್ದದ್ದು ಗೆಂಡೆ. ಜೋಳದ ಹಿಟ್ಟಿನ ಉಂಡೆ ಕಂಡರೆ ಸಾಕು, ಮದುವೆ ಪಂಕ್ತಿಗೆ ನುಗ್ಗಿದಂತೆ ನುಗ್ಗುತ್ತವೆ. ಬೆಳ್ಳಿಯಂಥ ಹುರುಪೆ, ಕವಲು ಬಾಲ, ಬಾಲದ ಬುಡದಲ್ಲಿ ಕಾಡಿಗೆಯ ಬೊಟ್ಟಿನಂಥ ಒಂದು ಕಪ್ಪು ಚುಕ್ಕೆ. ಬೆರಳುದ್ದ. ಮರಳಿಯ ಕಾಲುವೆಯಲ್ಲಿ ಸಿಗುವುದೂ ಇದೇ. ಸಡ್ಡಕ ಗೆಂಡೆಯನ್ನು ಕಂಡಷ್ಟು ತಿರಸ್ಕಾರದಿಂದ ನನ್ನನ್ನೂ ಕಂಡವನಲ್ಲ.

“ಥೂ, ಮತ್ತ ಗೆಂಡಿ! ಮಗಳಿಗೆ ಇದನ್ನೊಯ್ದು ಕೊಟ್ರ ಮಂದಿ ಏನಂದಾರು?”

ಎಸೆದ. ಮತ್ತೊಂದು ಬಂತು, ಎಸೆದ. ಮಗಳು ಹಗಲೂ ರಾತ್ರಿ ಯಾವುದನ್ನು ನೆನೆಸಿ ಬಾಯಲ್ಲಿ ನೀರೂರಿಸುತ್ತಿದ್ದಳೋ ಅದನ್ನು ಅಪ್ಪ ವಾರ ವಾರ ಬೊಗಸೆ ಬೊಗಸೆಯಾಗಿ ಡ್ಯಾಮಿಗೆ ಹಿಂದಿರುಗಿಸುತ್ತಿದ್ದ. ನೀರುಕಾಗೆಗಳು ಅವನು ಎಸೆದ ಕಡೆಗೇ ಈಜಿ ಬರುವುದನ್ನು ಕಲಿತವು. ಆ ವರ್ಷ ಅವುಗಳ ಸಂಸಾರ ಚೆನ್ನಾಗಿ ನಡೆಯಿತು.

ಪ್ಲಾಸ್ಟಿಕ್ ಕಪ್ಪೆಯೂ ಕೆಲಸಕ್ಕೆ ಇಳಿಯಿತು. ಮರಲ್ ಕಪ್ಪೆ ನುಂಗುತ್ತದೆ ಎಂದು ಅವನಿಗೆ ಗೊತ್ತಿತ್ತು. ಇದೊಂದು ಸರಿಯಾಗಿ ಗೊತ್ತಿತ್ತು. ಆದರೆ ಆ ಕಪ್ಪೆ ಎಂಥ ಹಸಿರು ಎಂದರೆ ದಂಡೆಯ ನಿಜವಾದ ಕಪ್ಪೆಗಳು ನಾಚಿಕೊಂಡು ದೂರ ಸರಿದವು. ಮೂರನೆಯ ಎಸೆತಕ್ಕೆ ಅದು ಮುಳುಗಿದ ಜಾಲಿಯ ಕೊಂಬೆಗೆ ಸಿಕ್ಕಿ, ಅಲ್ಲೇ ತೂಗುತ್ತ ಉಳಿಯಿತು.

ಇತ್ತ ಮನೆಯ ಪರಿಸ್ಥಿತಿ. ಗಂಡ ಪ್ರತಿ ರವಿವಾರ ಮೀನು ತರುತ್ತೇನೆಂದು ಹೋಗುತ್ತಾನೆ, ಖಾಲಿ ಬಕೆಟ್ಟು ತರುತ್ತಾನೆ. ಮರಳಿಗೆ ಬಸ್ಸಿದೆ, ಅಳಿಯನ ಫೋನಿದೆ, ಒಂದು ಮಾತು ಹೇಳಿದರೆ ಬೇಕಾದಷ್ಟು ಮೀನು ಬರುತ್ತವೆ. ಹಾಗಿದ್ದೂ ಇವನು ಹಿನ್ನೀರಿಗೆ ಹೋಗಿ ಕೂರುತ್ತಾನೆ ಎಂದರೆ ಬೀಗರ ಹತ್ತಿರ ಬಾಯಿಬಿಟ್ಟು ಕೇಳಲು ಇವನಿಗೆ ಸೊಕ್ಕು ಅಡ್ಡ ಬಂದಿದೆ ಎಂದು ನಾದಿನಿ ನಿಶ್ಚಯಿಸಿಕೊಂಡಳು. ಅವಳು ಮಾತು ಬಿಟ್ಟಳು. ತಾಟಿಗೆ ಬೀಳುವ ರೊಟ್ಟಿ ಸಪ್ಪಳ ಮಾಡತೊಡಗಿತು, ಮಜ್ಜಿಗೆ ದಿನದಿನಕ್ಕೆ ತೆಳ್ಳಗಾಯಿತು. ಹುಡುಗಿಯೂ ಅಪ್ಪನ ಮುಖ ನೋಡಿ ಕೇಳಲಾರದೆ ಗೋಡೆಯ ಕಡೆ ತಿರುಗಿ ಮಲಗುತ್ತಿದ್ದಳು.

“ಮನ್ಯಾಗ ಎಲ್ಲಾರೂ ಹೆಂಗ ಸುಮ್ಮ ಆಗ್ಯಾರ ನೋಡ್ರಿ ಅಣ್ಣಾರ,” ಎಂದು ಸಡ್ಡಕ ಜಾಲಿಯ ಕೆಳಗೆ ಹೇಳಿದ. “ಮಗಳಿಗಾಗಿ ಅಪ್ಪ ಎಷ್ಟ ಕಷ್ಟಪಡಾಕ ಹತ್ಯಾನ ಅಂತ ಅವರಿಗೂ ತಿಳೀತು.”

ಹಲ್ಲಿಯ ಲೊಚಗುಟ್ಟುವಿಕೆಗೂ ಅರ್ಥ ಹುಡುಕುವ ನಾವು ಹೆಂಡತಿಯ ಮೌನಕ್ಕೆ ಮಾತ್ರ ನಮಗೆ ಬೇಕಾದ ಅರ್ಥ ಹಚ್ಚಿಕೊಳ್ಳುತ್ತೇವೆ.

ದಿನ ತುಂಬುತ್ತ ಬಂದವು. ಇನ್ನು ಒಂದೆರಡು ರವಿವಾರ, ಅಷ್ಟೇ ಉಳಿದಿದ್ದವು. ಆ ದಿನ ಬೆಳಿಗ್ಗೆ ಬರುವಾಗ ಸಡ್ಡಕ ಚಹಾದಂಗಡಿಯಲ್ಲಿ ಗಾಡಿ ನಿಲ್ಲಿಸಲಿಲ್ಲ. ದಂಡೆಯಲ್ಲೂ ಉಪನ್ಯಾಸ ಮಾಡಲಿಲ್ಲ. “ಹುಡುಗಿ ಮುಖ ಸಣ್ಣದಾಗೇತ್ರಿ,” ಎಂದಷ್ಟೇ ಹೇಳಿ, ಉಂಡೆ ಸಿಕ್ಕಿಸಿ ಗಾಳ ಹಾಕಿದ. ದಾರಕ್ಕೆ ಕಟ್ಟಿದ ಜೋಳದ ದಂಟಿನ ಬೆಂಡು ನೀರ ಮೇಲೆ ಕುಣಿಯಿತು. ಎಂದಿನಂತೆ ಗೆಂಡೆ ಎಂಬುದು ಇಬ್ಬರಿಗೂ ತಿಳಿಯಿತು. ಅವನು ಬೇಸರದಿಂದ ಎಳೆಯುವುದಕ್ಕೂ ಬೆಂಡು ಸರ್ರನೆ ಮುಳುಗಿ, ಕೋಲು ಬಿಲ್ಲಿನಂತೆ ಬಗ್ಗುವುದಕ್ಕೂ ಸರಿಹೋಯಿತು. ಗಾಳವನ್ನು ಕಚ್ಚಿದ್ದು ಗೆಂಡೆ. ಗೆಂಡೆಯನ್ನು ಕಚ್ಚಿದ್ದು ಬೇರೆ ಯಾರೋ.

“ಅಣ್ಣಾರ, ಹಿಡೀರಿ! ಹಿಡೀರಿ!”

“ಯಾರನ್ನ ಹಿಡೀಲಿ? ಕೋಲನ್ನೋ, ನಿನ್ನನ್ನೋ?”

ಅವನನ್ನೇ ಹಿಡಿದೆ. ಅವನ ಸೊಂಟ ಹಿಡಿದು ನಾನು, ಕೋಲು ಹಿಡಿದು ಅವನು, ರಾಡಿಯಲ್ಲಿ ಹಿಂದಕ್ಕೆ ಜಾರುತ್ತ ಹೋದೆವು. ಕೊನೆಗೆ ದಂಡೆಗೆ ಬಂದು ಬಿದ್ದದ್ದು ಮೊಳದುದ್ದದ, ಕಪ್ಪು ಬೆನ್ನಿನ, ಚಪ್ಪಟೆ ತಲೆಯ ಪ್ರಾಣಿ. ಬಾಯಲ್ಲಿ ಅರ್ಧ ಗೆಂಡೆ. ಅದು ನಮ್ಮನ್ನು ನೋಡಿದ ರೀತಿಯಲ್ಲಿ ಕಚೇರಿಯ ಹಳೇ ಶಿರಸ್ತೇದಾರನೊಬ್ಬನ ಕಳೆಯಿತ್ತು.

ವಾರಗಟ್ಟಲೆ ಯಾವುದಕ್ಕಾಗಿ ಕಾದನೋ ಅದು ಕಾಲ ಬಳಿ ಬಂದು ಬಿದ್ದಾಗ ಸಡ್ಡಕ ಹೇಳಿದ್ದು ಇದು: “ಛೀ! ಹಾವು ಮೀನ. ಒಗೀರಿ ಅತ್ಲಾಗ.”

ಅಷ್ಟರಲ್ಲಿ ತೆಪ್ಪದ ಮನುಷ್ಯ ದಂಡೆಗೆ ಬಂದ. ಹಿನ್ನೀರಿನಲ್ಲಿ ಬಲೆ ಬಿಟ್ಟು ದಂಡೆಯಲ್ಲೇ ಮೀನು ಮಾರುವವನು. ಕೊಳ್ಳುವವರಿಗೆ ಯಾವ ಹೆಸರು ಇಷ್ಟವೋ ಆ ಹೆಸರಿನ ಮೀನು ಕೊಡುವುದು ಅವನ ಸಂಪ್ರದಾಯ. ಒಂದೇ ಬುಟ್ಟಿಯ ಮೀನನ್ನು ಅವನು ಹೊಸಪೇಟೆಯವರಿಗೆ ಒಂದು ಹೆಸರಿನಲ್ಲಿ, ಕೊಪ್ಪಳದವರಿಗೆ ಇನ್ನೊಂದು ಹೆಸರಿನಲ್ಲಿ ಮಾರಿದ್ದನ್ನು ನಾನೇ ಕಂಡಿದ್ದೇನೆ.

“ಇದು ಯಾವ ಮೀನಪಾ?” ಎಂದೆ.

ಅವನು ಮೀನಿನ ಕಡೆ ನೋಡಲಿಲ್ಲ, ನಮ್ಮ ಕಡೆ ನೋಡಿದ. “ನಿಮಗ ಯಾವುದು ಬೇಕಾಗಿತ್ತರಿ?”

“ಮರಲ್.”

“ಹಂಗಾರ ಇದು ಮರಲ್ಲೇ ನೋಡ್ರಿ.”

ಅವನು ತನ್ನ ಜನ್ಮದಲ್ಲಿ ಹೇಳಿದ ಒಂದೇ ಒಂದು ಸತ್ಯ ಹೀಗೆ ಅಕಸ್ಮಾತ್ತಾಗಿ ಹೊರಬಿತ್ತು. ಸಡ್ಡಕ ಒಮ್ಮೆಲೇ ನೆಟ್ಟಗಾದ. “ನಾ ಮದಲs ಅಂದ್ನೆಲ್ಲರಿ ಅಣ್ಣಾರ!” ಎಂದ. ನಾನು ಹೋಗಿ ಬಕೆಟ್ಟು ತಂದೆ. ನಿವೃತ್ತನಾದ ಮೇಲೆ ನಾನು ಕಲಿತ ವಿದ್ಯೆ ಅದೊಂದೇ.

ಮರಲ್ ನೀರು ಬಿಟ್ಟರೂ ಬಹಳ ಹೊತ್ತು ಬದುಕುವ ಮೀನು. ಮೇಲೆ ಬಂದು ಗಾಳಿಯನ್ನೇ ಕುಡಿಯುತ್ತದೆ. ಹಿಂದಿನ ಸೀಟಿನಲ್ಲಿ ಬಕೆಟ್ಟಿನ ಬಾಯಿಗೆ ಟವೆಲ್ಲು ಬಿಗಿದು ನಾನು ಹಿಡಿದಿದ್ದೆ, ಒಳಗಿನಿಂದ ಅದು ನನ್ನ ಹೊಟ್ಟೆಗೆ ಗುದ್ದುತ್ತಿತ್ತು. ಗಿಣಿಗೇರಾದ ಬೀದಿಯಲ್ಲಿ ಸಡ್ಡಕ ಗಾಡಿಯನ್ನು ನಡೆಯುವವರಿಗಿಂತ ನಿಧಾನ ಓಡಿಸಿದ. ಕೇಳಿದವರಿಗೆ ಹೇಳಿದ, ಕೇಳದವರಿಗೂ ಹೇಳಿದ. ಮನೆಯ ಅಂಗಳಕ್ಕೆ ಬಂದವನೇ ಹಾರನ್ ಬಾರಿಸಿ ಎಲ್ಲರನ್ನೂ ಹೊರಗೆ ಕರೆದ.

“ಬಾ ಯವ್ವಾ, ಬಾ! ನೋಡ್ಬಾ ನಿಮ್ಮಪ್ಪ ಏನ ತಂದಾನ!”

ಹುಡುಗಿ ಸೊಂಟಕ್ಕೆ ಕೈಕೊಟ್ಟು ಮೆಲ್ಲಗೆ ಬಂದಳು. ನಾನು ಟವೆಲ್ಲು ಬಿಚ್ಚಿದೆ. ಶಿರಸ್ತೇದಾರ ತಲೆಯೆತ್ತಿ ನೋಡಿದ. ಹುಡುಗಿ ಸೆರಗು ಬಾಯಿಗೆ ಒತ್ತಿಕೊಂಡು ಎರಡು ಹೆಜ್ಜೆ ಹಿಂದೆ ಸರಿದಳು.

“ಅಯ್ಯಯ್ಯ, ಹಾವರೀ ದೊಡ್ಡಪ್ಪಾ ಅದು!”

“ಹಾವಲ್ಲವಾ, ಮರಲ್!” ಎಂದ ಅಪ್ಪ.

ನಾದಿನಿ ಎಷ್ಟೋ ವಾರಗಳ ಮೇಲೆ ಗಂಡನೊಡನೆ ಮಾತಾಡಿದಳು. “ಮರಳಿಂದ ತಂದ್ರೇನು ಇದನ್ನ?”

“ಮರಳಿಂದ ಯಾಕ ತರ್ಲಿ? ಹಿನ್ನೀರಾಗ ಹಿಡದೀನಿ.”

“ಮತ್ತ ಮರಳಿ ಮೀನ ಎಲ್ಲೈತಿ?”

“ಇದs ಅಲ್ಲನು ಮರಲ್ ಮೀನ!”

“ನಾ ಹೇಳಿದ್ದು ಮರಳಿ ಮೀನ್ರಿ. ಮರಳಿ! ನಿಮ್ಮ ಬೀಗರ ಊರು!”

ಬಕೆಟ್ಟಿನ ಪ್ರಾಣಿ ಒಂದು ಗುಟುಕು ಗಾಳಿ ಕುಡಿಯಿತು. ನಾದಿನಿ ನನ್ನ ಕಡೆ ತಿರುಗಿದಳು. “ಮಾವಾರ, ನೀವಾದ್ರೂ ಓದಿದವರು. ಬಸುರಿ ಹುಡುಗಿ ಇಂಥಾ ಹಾವಿನ ತಲಿ ತಿನ್ನಾಕ ಕೇಳತಾಳೇನ್ರಿ?” ನನ್ನ ಓದಿನಲ್ಲಿ ಈ ಪ್ರಶ್ನೆ ಬಂದಿರಲಿಲ್ಲ.

ಹುಡುಗಿಯೇ ನಾಚಿಕೆ ಬಿಟ್ಟು ಬಾಯಿ ತೆರೆದಳು. “ಅಪ್ಪಾ, ನಂಗ ಬೇಕಾಗಿದ್ದು ಸಣ್ಣ ಗೆಂಡಿ. ಬಾಲದ ಹಂತ್ಯಾಕ ಕರೀ ಬೊಟ್ಟ ಇರತೈತಲ್ಲ, ಅವು. ಅತ್ತಿ ಕುರುಕುರು ಹುರೀತಾಳ.”

ಸಡ್ಡಕ ನನ್ನ ಮುಖ ನೋಡಿದ. ನಾನು ಜಗಲಿಯ ಕಂಬ ನೋಡಿದೆ. ಅವನ ಕಣ್ಣ ಮುಂದೆ ಡ್ಯಾಮಿನ ಅಷ್ಟೂ ನೀರುಕಾಗೆಗಳು ಸಾಲಾಗಿ ಕೂತು ತೇಗುತ್ತಿದ್ದಿರಬೇಕು.

“ಗೆಂಡಿ ಏನವಾ?” ಎಂದ ಕೊನೆಗೆ, ಮೆಲ್ಲಗೆ. “ಎಷ್ಟ ಬೇಕಾಗಿದ್ದೂ?”

“ಒಂದ ತಾಟ.”

ಅವನು ಆ ಹೊತ್ತೇ ಹಿಂದಿರುಗಿ ಗಾಡಿ ಹತ್ತಿದ. ಮಧ್ಯಾಹ್ನದ ಬಿಸಿಲು, ಊಟವಾಗಿರಲಿಲ್ಲ, ಮೈಮೇಲಿನ ರಾಡಿ ಒಣಗಿ ಬಿರಿಯುತ್ತಿತ್ತು. ನಾನೂ ಕೂತೆ; ಇಂಥ ಹೊತ್ತಿನಲ್ಲಿ ಸಡ್ಡಕನನ್ನು ಒಬ್ಬನೇ ಕಳಿಸಬಾರದೆಂಬ ಪದ್ಧತಿ ಐತಿ. ಅದೇ ಜಾಲಿ, ಅದೇ ಹಿಟ್ಟು, ಅದೇ ಬೆಂಡು. ಸಂಜೆಯವರೆಗೂ ಕೂತೆವು. ಅವನು ಜೇಬಿನ ಅಂಗಿ ಬಿಚ್ಚಿ ಪಕ್ಕಕ್ಕಿಟ್ಟು, ಬರೀ ಬನಿಯನ್ನಿನಲ್ಲಿ, ಮೊದಲ ಸಲ ಬಾಯಿ ಮುಚ್ಚಿಕೊಂಡು, ಬೆಂಡಿನ ಮೇಲಿಂದ ಕಣ್ಣು ಕೀಳದೆ ಕೂತಿದ್ದ. ಬೆಂಡು ಅಲುಗಿದಾಗಲೆಲ್ಲ ತುಟಿಯೂ ಅಲುಗುತ್ತಿತ್ತು. ಜಿಲೇಬಿ ಬಂದವು. ಗಿರ್ಲೂ ಒಂದು ಬಂದು ಬೈದು ಹೋಯಿತು. ಗೆಂಡೆ ಒಂದೂ ಬರಲಿಲ್ಲ. ತೆಪ್ಪದವನು ದಾಟಿ ಹೋಗುವಾಗ, “ಏನ ಬೇಕಾಗಿತ್ತರಿ ಸಾಹೇಬ್ರ ಇವತ್ತು?” ಎಂದು ಕೂಗಿದ.

“ಗೆಂಡಿಪಾ.”

ಅವನು ಬುಟ್ಟಿಯಿಂದ ಒಂದು ಜಿಲೇಬಿ ಎತ್ತಿ ತೋರಿಸಿದ. “ಇಕಾ ಗೆಂಡಿ. ಭಾಳ ಛಲೋ ಗೆಂಡಿ.”

ಸಡ್ಡಕ ಆ ಮೀನನ್ನು ನೋಡಿದ. ಬೆನ್ನಿನ ಮುಳ್ಳು ನೋಡಿದ, ಬಾಲದ ಬುಡ ನೋಡಿದ. “ಇದು ಜಿಲೇಬಿ ಐತೋ,” ಎಂದ. ನನ್ನ ತಿಳುವಳಿಕೆಯಲ್ಲಿ ಅವನು ಒಂದು ಮೀನನ್ನು ಸರಿಯಾಗಿ ಗುರುತಿಸಿದ್ದು ಅದೇ ಮೊದಲು. ಆಮೇಲೆ ದಾರ ಸುತ್ತಿದ, ಫೋನು ತೆಗೆದ, ಎದ್ದು ಸ್ವಲ್ಪ ದೂರ ಹೋಗಿ ನನಗೆ ಬೆನ್ನು ಮಾಡಿ ನಿಂತು ಬೀಗರಿಗೆ ಮಾತಾಡಿದ. ಏನು ಹೇಳಿದನೋ ನನಗೆ ಕೇಳಿಸಲಿಲ್ಲ. ಕೊನೆಯಲ್ಲಿ, “ಹೌದ್ರಿ ಬೀಗರ, ನನ್ನ ಕೈಲೆ ಆಗಲಿಲ್ರಿ,” ಎಂದದ್ದಷ್ಟು ಕೇಳಿಸಿತು.

ಮಾರನೆಯ ಬೆಳಿಗ್ಗೆ ಅಳಿಯ ಮರಳಿಯಿಂದ ಗೆಂಡೆ ತಂದ. ನಾದಿನಿ ಅಕ್ಕಿ ಹಿಟ್ಟು ಹಚ್ಚಿ ಹುರಿದಳು. ಹುಡುಗಿ ತಿಂದಳು.